ಖಾಲಿಯಾಗದ ಬಾಟಲಿ

ಏಳನೇ ಕಂತು

"ಪರದೆ ಹಿಂದೆ ನಿಂತ್ಕೊಂಡು ಏನೇ ಮಾಡ್ತಿದೀಯಾ? ಚಪ್ಪಲಿ ಕಾಣ್ತಾ ಇದೆ."

ಐದನೇ ಹಾಸಿಗೆಯಿಂದ ಅತ್ತೆಯ ಈ ಮಾತು ಬಂದಾಗ, ಸೋಪಕ್ಕ ಆ ಹಸಿರು ಪರದೆಯ ಹಿಂದೆ ಉಸಿರು ಬಿಗಿಹಿಡಿದು ನಿಂತು ಹದಿನೇಳು ನಿಮಿಷವಾಗಿತ್ತು. ಹತ್ತು ಹಾಸಿಗೆಯ ಕ್ಯಾನ್ಸರ್ ವಾರ್ಡು ಒಟ್ಟಿಗೆ ಅವಳ ಕಾಲಿನ ಕಡೆ ತಿರುಗಿತು. ಒಂಬತ್ತನೇ ಹಾಸಿಗೆಯವರಂತೂ ಸರಿಯಾಗಿ ನೋಡೋಣವೆಂದು ಕನ್ನಡಕ ಹುಡುಕಿ ಹಾಕಿಕೊಂಡರು.

"ಶ್, ಅತ್ತೆ. ಕೆಲಸದಲ್ಲಿದೀನಿ."

"ಇದೂ ಒಂದು ಕೆಲಸಾನಾ?" ಎಂದು ಅತ್ತೆ ಆರನೇ ಹಾಸಿಗೆಯವರನ್ನು ಕೇಳಿದರು. ಅವರು ತಮಗೇಕೆ ಮನೆಯವರ ಜಗಳ ಎಂದು ಮಗ್ಗುಲಾದರು.

ಕೆಲಸವೇ. ಆಸ್ಪತ್ರೆಯೊಳಗೆ ಸೋಂಕು ಎಲ್ಲಿಂದ ಬಂತು, ಯಾರ ಕೈಯಿಂದ ಬಂತು ಎಂದು ಪತ್ತೆ ಹಚ್ಚುವ ನರ್ಸು ಅವಳು. ಕಂಡಕಂಡವರಿಗೆಲ್ಲ "ಕೈ ತೊಳ್ಕೊಳ್ಳಿ" ಎಂದು ಹೇಳಿ ಹೇಳಿ ಸೋಪಕ್ಕ ಎಂಬ ಹೆಸರು ಅಂಟಿಕೊಂಡಿತ್ತು. ಈಗ ಹಾಜರಿ ಪುಸ್ತಕ ಬಿಟ್ಟರೆ ಬೇರೆಲ್ಲೂ ಅವಳ ಸ್ವಂತ ಹೆಸರು ಉಳಿದಿರಲಿಲ್ಲ.

ಮೂರು ವಾರದಲ್ಲಿ ನಾಲ್ವರು ರೋಗಿಗಳಿಗೆ ಗಡಗಡ ನಡುಕದ ಜ್ವರ ಬಂದಿತ್ತು, ನಾಲ್ವರ ರಕ್ತದಲ್ಲೂ ಸಿಕ್ಕಿದ್ದು ಒಂದೇ ರೋಗಾಣು. ಇಬ್ಬರನ್ನು ಐಸಿಯುಗೆ ಸಾಗಿಸಬೇಕಾಯಿತು. ನಾಲ್ವರಿಗೂ ಎದೆಯ ದೊಡ್ಡ ನರಕ್ಕೆ ಹಾಕಿದ್ದ ಕೊಳವೆಯನ್ನು, ವಾರ್ಡಿನವರು ಲೈನ್ ಅನ್ನುವ ಅದನ್ನು, ಕಿತ್ತು ಕ್ಯಾನ್ಸರಿನ ಔಷಧಿಯನ್ನೇ ನಿಲ್ಲಿಸಬೇಕಾಯಿತು. ನಾಲ್ವರೂ ಕಿಟಕಿ ಕಡೆಯ ಸಾಲಿನವರು, ಒಂದರಿಂದ ನಾಲ್ಕು. ಅದೇ ಸಾಲಿನಲ್ಲಿ ಉಳಿದದ್ದು ಐದನೇ ಹಾಸಿಗೆ ಮಾತ್ರ.

ಬುಧವಾರ ಹನ್ನೊಂದು ಗಂಟೆಗೆ ಅತ್ತೆಗೆ ಮೂರನೇ ಸುತ್ತಿನ ಔಷಧಿ ಏರಿಸಬೇಕಿತ್ತು. ಈ ಸುತ್ತು ತಪ್ಪಿದರೆ ಹಿಂದಿನ ಎರಡೂ ಮಣ್ಣುಪಾಲು ಎಂದು ದೊಡ್ಡ ಡಾಕ್ಟರು ಸೋಪಕ್ಕನಿಗೆ ನೇರವಾಗಿಯೇ ಹೇಳಿದ್ದರು. "ಅಮ್ಮನ್ನ ನಿನ್ನ ಕೈಗೆ ಒಪ್ಪಿಸಿದೀನಿ" ಎಂದು ಹೇಳಿ ಗಂಡ ಕೆಲಸಕ್ಕೆ ಬೇರೆ ಊರಿಗೆ ಹೋಗಿದ್ದ. ಇವತ್ತು ಮಂಗಳವಾರ.

ಅದಕ್ಕೇ ಪರದೆ.

ಬಾಗಿಲು ತೆರೆಯಿತು. ಸೋಪಕ್ಕ ಕಾದಿದ್ದ ಮಿಕ ಒಳಗೆ ಬಂದಿತು: ಜೇಬುಗೈ ಡಾಕ್ಟರು. ಹೊಸಬ, ತೆಳ್ಳಗಿನ ಮನುಷ್ಯ, ಎರಡೂ ಕೈ ಸದಾ ಕೋಟಿನ ಜೇಬಿನಲ್ಲಿ. ಬಾಗಿಲ ಕಡೆಯ ಸಾಲಿನ ನರ್ಸು ಹೆರಿಗೆ ರಜೆಯಲ್ಲಿದ್ದುದರಿಂದ ಆರರಿಂದ ಹತ್ತರವರೆಗಿನ ಲೈನುಗಳನ್ನೆಲ್ಲ ಅವರೇ ನೋಡಿಕೊಳ್ಳುತ್ತಿದ್ದರು. ಅವರು ತೊಟ್ಟಿಯ ಹತ್ತಿರ ನಿಂತು ಕೈ ತೊಳೆದದ್ದನ್ನು ಸೋಪಕ್ಕ ಎರಡು ತಿಂಗಳಲ್ಲಿ ಒಮ್ಮೆಯೂ ಕಂಡಿರಲಿಲ್ಲ.

ಡಾಕ್ಟರು ನೇರವಾಗಿ ಏಳನೇ ಹಾಸಿಗೆಗೆ ಹೋದರು. ಜೇಬಿನಿಂದ ಕೈ ತೆಗೆದರು. ಲೈನಿನ ಕಡೆ ಚಾಚಿದರು.

"ನಿಲ್ಲಿ" ಎಂದು ಸೋಪಕ್ಕ ಪರದೆ ಸರಿಸಿದಳು. ಪರದೆ ಸರಿಯುವ ಬದಲು ಕೊಂಡಿಗಳೊಂದಿಗೆ ಕಳಚಿ ಅವಳ ತಲೆಯ ಮೇಲೆ ಬಿತ್ತು. ಪರದೆಯೊಳಗಿಂದಲೇ ಅವಳು ಮಾತು ಮುಗಿಸಿದಳು. "ಸೋಪು ಮುಟ್ಟದೆ ಲೈನ್ ಮುಟ್ತಿದೀರಾ ಡಾಕ್ಟ್ರೇ?"

ಡಾಕ್ಟರು ಮೊದಲು ಪರದೆಯನ್ನು ಅವಳ ಮೇಲಿನಿಂದ ತೆಗೆದರು. ಆಮೇಲೆ ಅಂಗೈ ಮುಂದೆ ಚಾಚಿದರು. ಎರಡೂ ಕೈ ಒದ್ದೆಯಾಗಿ ಹೊಳೆಯುತ್ತಿತ್ತು, ಸ್ಪಿರಿಟಿನ ವಾಸನೆ ಮೂಗಿಗೆ ಬಡಿಯಿತು.

"ಜೇಬಲ್ಲಿ ಸ್ಪಿರಿಟ್ ಬಾಟ್ಲಿ ಇರತ್ತೆ ಸಿಸ್ಟರ್. ನಡೀತಾ ನಡೀತಾ ಉಜ್ಕೋತೀನಿ. ಈ ಕಡೆ ತೊಟ್ಟೀಲಿ ಸೋಪಿನ ಬಾಟ್ಲಿ ಒಡೆದುಹೋಗಿ ಎರಡು ತಿಂಗಳಾಯ್ತು, ಯಾರೂ ಬೇರೆ ಇಟ್ಟಿಲ್ಲ. ಏನ್ಮಾಡ್ಲಿ?"

"ಅಂದ್ರೆ... ಯಾವಾಗ್ಲೂ ಜೇಬಲ್ಲಿ ಕೈ..."

"ಉಜ್ಕೊಳ್ತಿರ್ತೀನಿ" ಎಂದರು ಡಾಕ್ಟರು ಸ್ವಲ್ಪ ನಾಚಿಕೊಂಡು. "ಅಂದ್ಹಾಗೆ ಸಿಸ್ಟರ್, ನನ್ನ ಸಾಲಲ್ಲಿ ಒಬ್ರಿಗೂ ಜ್ವರ ಇಲ್ಲ. ನೋಡಿದೀರಾ?"

ಸೋಪಕ್ಕನ ಮುಖ ಹುಳ್ಳಗಾಯಿತು. ನೋಡಿದ್ದಳು. ಆದರೆ ಹೀಗೆ ನೋಡಿರಲಿಲ್ಲ. ಕಿಟಕಿ ಕಡೆಯವರಿಗೆ ಮಾತ್ರ ಜ್ವರ ಎಂದು ಅವಳು ಇಷ್ಟು ದಿನ ಕಿಟಕಿಯನ್ನು ಅನುಮಾನಿಸಿ ಅದಕ್ಕೆ ಮೂರು ಸಲ ಬಲೆ ಹೊಡೆಸಿದ್ದಳು.

ಕಿಟಕಿ ಸಾಲಿನ ಲೈನುಗಳನ್ನು ಮುಟ್ಟುತ್ತಿದ್ದವಳು ಒಬ್ಬಳೇ. ಸೋಪಕ್ಕನ ಶಿಷ್ಯೆ. ಗುರುವೇ ಬೆರಳಿಗೆ ಬೆರಳು ಸೇರಿಸಿ ಕಲಿಸಿದಂತೆ, ಗಡಿಯಾರ ನೋಡಿಕೊಂಡು ನಲವತ್ತು ಸೆಕೆಂಡು ಕೈ ತೊಳೆಯುವ ಹುಡುಗಿ. ಉಗುರಿನ ಸಂದಿ, ಹೆಬ್ಬೆರಳು, ಮಣಿಕಟ್ಟು, ಒಂದನ್ನೂ ಬಿಟ್ಟವಳಲ್ಲ. ಕೈ ತೊಳೆಯುವ ಭಿತ್ತಿಚಿತ್ರದಲ್ಲಿರುವ ಕೈಗಳು ಅವಳವೇ.

ಅತ್ತೆಗೆ ಅವಳೇ ಬೇಕೆಂದು ಹಟ ಹಿಡಿದು, ಮೇಲಿನವರ ಕೈಕಾಲು ಹಿಡಿದು ಐದನೇ ಹಾಸಿಗೆಗೆ ಹಾಕಿಸಿಕೊಂಡವಳು ಸೋಪಕ್ಕ. 

*

ನೆಲಮಾಳಿಗೆಯ ಪ್ರಯೋಗಾಲಯದಲ್ಲಿ ತಟ್ಟೆ ಡಾಕ್ಟರು ತಮ್ಮ ಗಾಜಿನ ತಟ್ಟೆಗಳ ಮಧ್ಯೆ ಕೂತಿದ್ದರು. ರೋಗಾಣುಗಳನ್ನು ತಟ್ಟೆಯಲ್ಲಿ ಬೆಳೆಸಿ ಗುರುತು ಹಿಡಿಯುವುದು ಅವರ ಕಸುಬು. ಮನುಷ್ಯರಿಗಿಂತ ರೋಗಾಣುಗಳೇ ಹೇಳಿದ ಮಾತು ಕೇಳುತ್ತವೆ ಎಂಬುದು ಅವರ ಮೂವತ್ತು ವರ್ಷದ ಅನುಭವ.

"ಬನ್ನಿ ಸಿಸ್ಟರ್. ಸಾಕ್ಷಿ ಸಿಕ್ಕಿದೆ, ಕಳ್ಳ ಸಿಕ್ಕಿಲ್ಲ."

ಅವರು ಒಂದು ತಟ್ಟೆ ಎತ್ತಿ ಬೆಳಕಿಗೆ ಹಿಡಿದರು. ದಾಳಿಂಬೆ ಬೀಜದಷ್ಟು ಕೆಂಪಾದ ಚುಕ್ಕೆಗಳು ತಟ್ಟೆಯ ತುಂಬಾ ಕುಳಿತಿದ್ದವು.

"ನಾಲ್ಕನೇ ಹಾಸಿಗೆಯವರ ರಕ್ತ ಎರಡು ಕಡೆಯಿಂದ ತೆಗೆಸಿದ್ದೆ. ಒಂದು ಸೀಸೆಗೆ ತೋಳಿಂದ, ಇನ್ನೊಂದಕ್ಕೆ ಲೈನಿಂದ. ಒಂದೇ ಹೊತ್ತಿಗೆ ಮೆಷಿನ್ನಿಗೆ ಹಾಕ್ದೆ. ರೋಗಾಣು ಬೆಳೆದ ಕೂಡ್ಲೇ ಮೆಷಿನ್ ಕೂಗತ್ತೆ. ಲೈನಿನ ಸೀಸೆ ಹತ್ತು ಗಂಟೇಲಿ ಕೂಗ್ತು. ತೋಳಿನದು ಹದಿನಾಲ್ಕಕ್ಕೆ."

"ಅಂದ್ರೆ ಲೈನಲ್ಲೇ ಗುಂಪು ಜಾಸ್ತಿ."

"ಅಲ್ಲೇ ಸಂಸಾರ ಹೂಡಿದೆ. ಮೈಯಿಂದ ಲೈನಿಗೆ ಹೋಗಿದ್ದಲ್ಲ, ಲೈನಿಂದ ಮೈಗೆ ಬಂದಿದ್ದು. ಯಾರದೋ ಕೈಯಿಂದ ಲೈನಿನ ಬಾಯಿಗೆ."

"ಕೈಗೆ ಎಲ್ಲಿಂದ?"

"ಇದಕ್ಕೆ ಒದ್ದೆ ಜಾಗ ಅಂದ್ರೆ ಪ್ರಾಣ. ಒಣಗದೇ ಇರೋದು ಯಾವುದಿದೆ ಅಂತ ನೋಡಿ. ನಾನು ನಲ್ಲಿ ನೋಡ್ದೆ, ತೊಟ್ಟಿ ನೋಡ್ದೆ, ನೆಲ ಒರೆಸೋ ಬಟ್ಟೆ ನೋಡ್ದೆ. ಎಲ್ಲಾ ಕ್ಲೀನು."

"ಸೋಪು?"

ತಟ್ಟೆ ಡಾಕ್ಟರು ಅವಳನ್ನು ಅಯ್ಯೋ ಪಾಪ ಎಂಬಂತೆ ನೋಡಿದರು. "ಸೋಪನ್ನ ಯಾರಾದ್ರೂ ಪರೀಕ್ಷೆ ಮಾಡ್ತಾರಾ ಸಿಸ್ಟರ್? ಅದು ಸೋಪು."

ಸೋಪಕ್ಕನೂ ಕೇಳಿದ್ದಕ್ಕೆ ನಾಚಿ ನಾಲಿಗೆ ಕಚ್ಚಿಕೊಂಡಳು. ಇಪ್ಪತ್ತು ವರ್ಷ ಅವಳು ನಂಬಿದ್ದು ಅದೊಂದನ್ನೇ.

*

ಮಧ್ಯಾಹ್ನ ಅವಳು ವಾರ್ಡಿಗೆ ಹಿಂದಿರುಗಿದಾಗ ಶಿಷ್ಯೆ ಕಿಟಕಿ ಕಡೆಯ ತೊಟ್ಟಿಯ ಮುಂದೆ ನಿಂತು ಕೈ ತೊಳೆಯುತ್ತಿದ್ದಳು. ಸೋಪಕ್ಕ ಈ ಸಲ ಪರದೆಯ ಗೋಜಿಗೆ ಹೋಗದೆ ಅತ್ತೆಯ ಹಾಸಿಗೆಯ ಅಂಚಿನಲ್ಲಿ ಕೂತು ನೋಡಿದಳು. ಒಂದು ತಪ್ಪಿಲ್ಲ. ಎರಡನೇ ಸಲ ನೋಡಿದರೂ ಇಲ್ಲ.

"ಎಷ್ಟು ಚೆನ್ನಾಗಿ ತೊಳೀತಾಳೆ ನೋಡಿ ಅತ್ತೆ" ಎಂದಳು, ತನಗೇ ಸಮಾಧಾನ ಹೇಳಿಕೊಳ್ಳುವಂತೆ.

"ತೊಳೀತಾಳೆ. ನೊರೆ ಎಲ್ಲಿ?"

"ಏನು?"

"ನೊರೆ ಕಣೆ, ನೊರೆ. ಇಷ್ಟು ಹೊತ್ತು ತಿಕ್ಕಿದ್ರೆ ಮೊಣಕೈವರೆಗೆ ನೊರೆ ಬರಬೇಕಿತ್ತು. ಒಂದು ಗುಳ್ಳೆ ಇಲ್ಲ. ಅದು ಸೋಪಲ್ಲ, ಸೋಪಿನ ನೆನಪು."

ಅತ್ತೆ ಐವತ್ತು ವರ್ಷ ಪಾತ್ರೆ ತೊಳೆದವರು. ನೊರೆಯ ವಿಷಯದಲ್ಲಿ ಅವರ ಮಾತಿಗೆ ಎದುರಾಡುವಂತಿರಲಿಲ್ಲ. ಸೋಪಕ್ಕ ಕಣ್ಣು ಕಿರಿದು ಮಾಡಿ ನೋಡಿದಳು. ನಿಜ, ಹುಡುಗಿಯ ಕೈಮೇಲೆ ಹರಿಯುತ್ತಿದ್ದದ್ದು ಬರೀ ನೀರಿನಂತೆಯೇ ಇತ್ತು.

"ಬೆಳಗ್ಗೆ ಏಳಕ್ಕೆ ಆಯಮ್ಮ ಬರ್ತಾಳೆ" ಎಂದು ಅತ್ತೆ ಮುಂದುವರಿಸಿದರು. "ಬಾಟ್ಲಿ ಮುಚ್ಚಳ ತೆಗೀತಾಳೆ. ಒಳಗೆ ಸ್ವಲ್ಪ ಉಳ್ದಿರತ್ತಲ್ಲ, ಅದರ ಮೇಲೇ ಒಂಚೂರು ಸೋಪು ಸುರೀತಾಳೆ, ಕುತ್ತಿಗೆವರೆಗೆ ನಲ್ಲಿ ನೀರು ಬಿಡ್ತಾಳೆ, ಗಡಗಡ ಕುಲುಕ್ತಾಳೆ. ಮನೇಲಿ ಪಾತ್ರೆ ಸೋಪಿಗೆ ನಾನು ಹಂಗೇ ಮಾಡಿದ್ರೆ ನೀನು ಮೂಗು ಮುರೀತಿದ್ದೆ. ನಿಮ್ಮ ದೊಡ್ಡಾಸ್ಪತ್ರೇಲೂ ಅದೇ ಕಥೆ."

"ಎಷ್ಟು ದಿನದಿಂದ ನೋಡ್ತಿದೀರಾ?"

"ಬಂದು ಎಂಟು ದಿನ ಆಯ್ತಲ್ಲ, ಎಂಟು ದಿನದಿಂದ."

"ಅತ್ತೆ, ಇದನ್ನ ಮೊದಲೇ ಯಾಕೆ ಹೇಳ್ಲಿಲ್ಲ?"

"ನೀನೆಲ್ಲಿ ಕೇಳ್ದೆ? ಬಂದವಳೇ ಪರದೆ ಹಿಂದೆ ಹೋಗಿ ನಿಂತ್ಕೋತಿದ್ದೆ."

ಸೋಪಕ್ಕ ಎದ್ದು ಹೋಗಿ ಬಾಟಲಿಯನ್ನು ಎತ್ತಿ ಬೆಳಕಿಗೆ ಹಿಡಿದಳು. ತಳದಲ್ಲಿ, ಒಳಗೋಡೆಗೆ ಅಂಟಿಕೊಂಡು, ಬೆರಳಗಲದ ಒಂದು ಲೋಳೆಯ ಪಟ್ಟಿ ಇತ್ತು. ಬಣ್ಣ ನಸುಗೆಂಪು.

*

ಆಯಮ್ಮ ಬಕೆಟ್ಟು, ಕೋಲುಬಟ್ಟೆ ಇಡುವ ಕೋಣೆಯಲ್ಲಿ ಮಗುಚಿದ ಬಕೆಟ್ಟಿನ ಮೇಲೆ ಕೂತು ಒರೆಸುವ ಬಟ್ಟೆ ಮಡಿಸುತ್ತಿದ್ದಳು. ಈ ಆಸ್ಪತ್ರೆಯಲ್ಲಿ ಇಪ್ಪತ್ತಾರು ವರ್ಷ ಸವೆಸಿದವಳು. ಮೂವರು ಮುಖ್ಯ ವೈದ್ಯರು ಬಂದು ಹೋಗಿದ್ದರು, ಅವಳು ಕೂತ ಬಕೆಟ್ಟು ಹಾಗೇ ಇತ್ತು.

ಸೋಪಕ್ಕ ಬಾಗಿಲು ಹಾಕಿ, ಬಾಟಲಿಯನ್ನು ಅವಳ ಮುಂದೆ ಇಟ್ಟಳು.

"ಆಯಮ್ಮ, ಇದಕ್ಕೆ ನೀರು ಬೆರೆಸ್ತಿರೋದು ನೀವೇನಾ?"

"ಹೂಂ, ನಾನೇ." ಆಯಮ್ಮನ ಕೈ ಬಟ್ಟೆ ಮಡಿಸುತ್ತಲೇ ಇತ್ತು.

ಆರು ವಾರದಿಂದ ಈ ಧಾರಾವಾಹಿ ಓದುತ್ತ ಬಂದವರಂತೆಯೇ ಸೋಪಕ್ಕನೂ ಅಳು, ಆಣೆ, ಕಡೇಪಕ್ಷ ಒಂದು ಸುಳ್ಳನ್ನಾದರೂ ನಿರೀಕ್ಷಿಸಿದ್ದಳು. ಇಷ್ಟು ಸಲೀಸಾಗಿ ಒಪ್ಪಿಕೊಂಡರೆ ಮುಂದೇನು ಕೇಳಬೇಕೆಂದು ಅವಳಿಗೇ ತೋಚಲಿಲ್ಲ.

"ಯಾಕೆ?"

"ಸೋಪು ಸಾಲಲ್ಲ. ನೀವು ಗೋಡೆ ತುಂಬ ಚಿತ್ರ ಅಂಟಿಸಿದ್ರಿ, ಎಲ್ರೂ ದಿನಕ್ಕೆ ನೂರು ಸಲ ಕೈ ತೊಳೆಯೋಕೆ ಶುರು ಮಾಡಿದ್ರು. ಉಗ್ರಾಣದವನು ಕೊಡೋದು ಮಾತ್ರ ಮುಂಚೆ ಎಷ್ಟೋ ಅಷ್ಟೇ."

"ಸರಿ, ಬಾಟ್ಲಿ ಯಾವಾಗ ತೊಳೆದ್ರಿ? ಒಳಗೆ ಲೋಳೆ ಕಟ್ಟಿದೆ ನೋಡಿ."

"ತೊಳೀಲಿಲ್ಲ."

"ಒಂದು ಸಲಾನೂ?"

"ತೊಳೀಬೇಕಾದ್ರೆ ಖಾಲಿ ಆಗಬೇಕಲ್ಲ ಸಿಸ್ಟರ್? ಖಾಲಿ ಆಗೋಕೆ ನಾನು ಬಿಟ್ಟಿಲ್ಲ. ಎರಡು ತಿಂಗಳಿಂದ ಒಂದು ದಿನಾನೂ ಬಿಟ್ಟಿಲ್ಲ." ಆಯಮ್ಮನ ದನಿಯಲ್ಲಿ ತಪ್ಪಿತಸ್ಥರ ಅಳುಕಿರಲಿಲ್ಲ, ಒಳ್ಳೆಯ ಕೆಲಸಗಾರರ ಹೆಮ್ಮೆ ಇತ್ತು.

"ಯಾರು ಹೇಳಿದ್ರು ನಿಮಗೆ, ಖಾಲಿ ಆಗ್ಬಾರ್ದು ಅಂತ?" ಸೋಪಕ್ಕನ ಸಹನೆ ಮುಗಿಯುತ್ತ ಬಂದಿತ್ತು. "ಯಾವ ತಲೆಕೆಟ್ಟವರು ಹೇಳಿದ್ರು, ಹೇಳಿ. ಈಗ್ಲೇ ಹೋಗಿ ಕೇಳ್ತೀನಿ."

ಆಯಮ್ಮ ಎದ್ದಳು. ಮೊಳೆಗೆ ನೇತುಹಾಕಿದ್ದ ಚೀಲದಿಂದ ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿ ಇಟ್ಟಿದ್ದ ಒಂದು ಹಾಳೆ ತೆಗೆದು ಸೋಪಕ್ಕನ ಕೈಗೆ ಕೊಟ್ಟಳು.

"ನನಗೆ ಕನ್ನಡಕ ಇಲ್ದೆ ಕಾಣಲ್ಲ. ಮೂರನೇದು ನೀವೇ ಓದಿ."

ಸೋಪಕ್ಕ ಓದಿದಳು. *ಮೂರು: ಯಾವುದೇ ಕಾರಣಕ್ಕೂ ವಾರ್ಡಿನಲ್ಲಿ ಸೋಪಿನ ಬಾಟಲಿ ಖಾಲಿ ಕಾಣಕೂಡದು. ಕಂಡರೆ ಸಂಬಂಧಪಟ್ಟವರ ಮೇಲೆ ಕ್ರಮ ಕೈಗೊಳ್ಳಲಾಗುವುದು.* 'ಯಾವುದೇ ಕಾರಣಕ್ಕೂ' ಎಂಬುದರ ಕೆಳಗೆ ಎರಡು ಗೆರೆ. ಎರಡು ತಿಂಗಳ ಹಿಂದಿನ ತಾರೀಖು. ಹಾಳೆಯ ಕೆಳಗೆ ಅವಳದೇ ಸಹಿ, ಅದರ ಪಕ್ಕದಲ್ಲಿ ಅವಳದೇ ಮೊಹರು.

ಕೋಣೆಯಲ್ಲಿ ಒದ್ದೆ ಬಟ್ಟೆಯಿಂದ ನೀರು ತೊಟ್ಟಿಕ್ಕುವ ಸದ್ದು ಕೇಳಿಸುತ್ತಿತ್ತು.

"ಹೋಗಿ ಕೇಳ್ತೀನಿ ಅಂದ್ರಿ" ಎಂದಳು ಆಯಮ್ಮ ಮೆಲ್ಲಗೆ. ಅವಳ ತುಟಿಯಲ್ಲಿ ನಗು ಇತ್ತೋ ಇಲ್ಲವೋ ಹೇಳುವುದು ಕಷ್ಟ.

ಸೋಪಕ್ಕ ಇನ್ನೊಂದು ಬಕೆಟ್ಟು ಮಗುಚಿ ಅದರ ಮೇಲೆ ಕುಸಿದಳು. ಪರದೆಯ ಹಿಂದೆ ನಿಂತು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಅವಳು ಮೂರು ವಾರ ಹುಡುಕಿದ್ದು ತನ್ನನ್ನೇ. ಐಸಿಯುನಲ್ಲಿದ್ದ ಇಬ್ಬರ ಮುಖ ಕಣ್ಣ ಮುಂದೆ ಬಂತು. ಆಮೇಲೆ ಅತ್ತೆಯ ಮುಖ. ತುಂಬಾ ನಾಚಿಕೆಯಾಯಿತು, ನಾಚಿಕೆಗಿಂತ ಹೆಚ್ಚಾಗಿ ಭಯವಾಯಿತು. ಹೆಚ್ಚು ತೊಳೆದವಳ ಕೈಗೇ ಹೆಚ್ಚು ರೋಗಾಣು ಮೆತ್ತಿತ್ತು, ಆ ಕೈಯನ್ನೇ ಹುಡುಕಿ ಅವಳು ಅತ್ತೆಯ ಲೈನಿಗೆ ತಂದುಬಿಟ್ಟಿದ್ದಳು.

"ಆಯಮ್ಮ, ತಪ್ಪು ನಂದು."

"ಇರ್ಲಿ ಬಿಡಿ. ನಂಗೂ ಆ ಬಾಟ್ಲಿ ವಾಸನೆ ಯಾಕೋ ಸರಿ ಇಲ್ಲ ಅನ್ನಿಸಿತ್ತು. ಆದ್ರೆ ಮೊಹರು ಇತ್ತಲ್ಲ." ಆಯಮ್ಮ ಒಂದು ಒಣಬಟ್ಟೆ ಕೊಟ್ಟಳು. "ಕಣ್ಣು ಒರೆಸ್ಕೊಳ್ಳಿ. ಇದು ಹೊಸದು, ನೆಲಕ್ಕೆ ಹಾಕಿಲ್ಲ."

*

ಆಮೇಲೆ ಸೋಪಕ್ಕ ಬಿರುಗಾಳಿಯಾದಳು. ಆಸ್ಪತ್ರೆಯ ಹಳೆಯ ಬಾಟಲಿಗಳೆಲ್ಲ ಕಸಕ್ಕೆ ಹೋದವು. ಆ ನಸುಗೆಂಪು ಬಾಟಲಿ ಮಾತ್ರ ಪ್ರಯೋಗಾಲಯಕ್ಕೆ. ಉಗ್ರಾಣದಿಂದ ನೀಲಿ ಮುಚ್ಚಳದ ಹೊಸ ಸೋಪಿನ ಕ್ಯಾನ್ ಒಂದನ್ನು ತಾನೇ ಹೊತ್ತು ತಂದು, ತಟ್ಟೆ ಡಾಕ್ಟರ ಕಣ್ಣೆದುರಿಗೇ ಅದರ ಸೀಲ್ ಒಡೆದಳು.

"ಇದರದ್ದೂ ಒಂದು ಚಮಚ ತಟ್ಟೆಗೆ ಹಾಕಿ ಡಾಕ್ಟ್ರೇ. ಒಳ್ಳೇ ಸೋಪಿನ ತಟ್ಟೆ ಹೇಗಿರತ್ತೆ ಅಂತ ಹೋಲಿಸಿ ತೋರಿಸೋಕೆ."

"ವೇಸ್ಟು. ಏನೂ ಬೆಳೆಯಲ್ಲ."

"ಬೆಳೀಬಾರ್ದು ಅಂತಾನೇ."

ಉಳಿದದ್ದನ್ನು ಎರಡೂ ತೊಟ್ಟಿಯ ಹೊಸ ಬಾಟಲಿಗಳಿಗೆ ತುಂಬಿದಳು. ಒಂದು ಹನಿ ನೀರು ಬೆರೆಸಲಿಲ್ಲ. ಮೂರನೇ ನಿಯಮವನ್ನು ಹೊಡೆದು ಹಾಕಿ, ಬಾಟಲಿ ಪೂರ್ತಿ ಖಾಲಿಯಾದ ಮೇಲೆ ಎಸೆದು ಹೊಸದು ಇಡಬೇಕು ಎಂದು ಬರೆದು, ಆಯಮ್ಮನಿಗೇ ಮೊದಲು ಓದಿ ಹೇಳಿದಳು.

ಬುಧವಾರ ಬೆಳಗ್ಗೆ ಹತ್ತಕ್ಕೆ ಫೋನು ಬಂತು.

"ಕೆಂಪೋ ಕೆಂಪು ಸಿಸ್ಟರ್" ಎಂದರು ತಟ್ಟೆ ಡಾಕ್ಟರು. ಅಷ್ಟು ಸಂತೋಷದಲ್ಲಿ ಅವರು ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. "ನಿಮ್ಮ ಬಾಟ್ಲೀಲಿ ಚುಕ್ಕೆ ಅಲ್ಲ, ಜಾತ್ರೆ. ಸೋಪನ್ನ ಪರೀಕ್ಷೆ ಮಾಡಲ್ಲ ಅಂದಿದ್ದೆನಲ್ಲ, ಅದನ್ನ ಯಾರ ಹತ್ರಾನೂ ಹೇಳಬೇಡಿ."

ಸೋಪಕ್ಕ ಒಂದೊಂದು ಸಲಕ್ಕೆ ಎರಡು ಮೆಟ್ಟಿಲು ಹತ್ತಿ ವಾರ್ಡಿಗೆ ಬಂದಳು. ಶಿಷ್ಯೆ ತೊಟ್ಟಿಯ ಮುಂದೆ ನಿಂತಿದ್ದಳು. ಮೊಣಕೈವರೆಗೆ ಬೆಳ್ಳನೆಯ ನೊರೆ.

"ಹಾಂ, ಈಗ ಸೋಪು ಅಂದ್ರೆ ಸೋಪು" ಎಂದು ಅತ್ತೆ ಹಾಸಿಗೆಯಿಂದಲೇ ಪಾಸು ಮಾಡಿದರು. ಆರನೇ ಹಾಸಿಗೆಯವರೂ ತಲೆಯಾಡಿಸಿದರು.

ಹನ್ನೊಂದರ ಔಷಧಿಗೆ ಮುಂಚೆ ಲೈನ್ ಸರಾಗವಾಗಿದೆಯೇ ಎಂದು ನೋಡಲು ಶಿಷ್ಯೆ ಸಲೈನು ಹಾಯಿಸಿದಳು. ಹಾಯಿತು. ಸೋಪಕ್ಕ ಅತ್ತೆಯ ತಲೆದಿಂಬು ಸರಿಮಾಡಿದಳು, ನಿನ್ನೆಯ ಕಥೆಯನ್ನೆಲ್ಲ ಹೇಳಿದಳು, ಮೂರನೇ ನಿಯಮವನ್ನೂ ಮುಚ್ಚಿಡಲಿಲ್ಲ. ಅತ್ತೆ ಬಯ್ಯುತ್ತಾರೆಂದು ಕಾದಳು. ಅವರು ಅವಳ ಕೈ ಹಿಡಿದುಕೊಂಡರು.

"ಕಂಡುಹಿಡಿದೆಯಲ್ಲ, ಸಾಕು ಬಿಡು. ನನ್ನ ಮಗನಿಗೆ ಹೇಳಬೇಡ, ಅವನಿಗೆ ಹೊಟ್ಟೆಯೊಳಗೆ ಮಾತು ನಿಲ್ಲಲ್ಲ."

ಹತ್ತು ನಲವತ್ತಕ್ಕೆ ಮತ್ತೆ ಫೋನು. ತಟ್ಟೆ ಡಾಕ್ಟರೇ. ಈ ಸಲ ದನಿ ಬೇರೆಯಾಗಿತ್ತು.

"ಸಿಸ್ಟರ್, ಆ ಹೋಲಿಸೋ ತಟ್ಟೆ ಇತ್ತಲ್ಲ. ಏನೂ ಇರಲ್ಲ ಅಂತ ಈವರೆಗೆ ತೆಗೆದೇ ನೋಡಿರ್ಲಿಲ್ಲ."

"ಹೂಂ?"

"ಅದೂ ಕೆಂಪು."

"ಸಾಧ್ಯವೇ ಇಲ್ಲ. ಸೀಲ್ ನಾನೇ ಒಡೆದೆ, ನಿಮ್ಮೆದುರಿಗೇ."

"ಅದಕ್ಕೇ ಹೇಳ್ತಿರೋದು. ಕ್ಯಾನ್ ಎಲ್ಲಿದೆ? ಮುಚ್ಚಳದ ಬಳೆ ಸರಿಯಾಗಿ ನೋಡಿ."

ಫೋನು ಕಿವಿಗೆ ಒತ್ತಿಕೊಂಡೇ ಸೋಪಕ್ಕ ತೊಟ್ಟಿಯ ಕೆಳಗೆ ಬಗ್ಗಿದಳು. ಖಾಲಿ ಕ್ಯಾನಿನ ನೀಲಿ ಮುಚ್ಚಳದ ಸುತ್ತ, ಸೀಲಿನ ಬಳೆಯ ಒಳ ಅಂಚಿಗೆ ಉಗುರು ತಾಗಿಸಿದಳು. ಏನೋ ಗಟ್ಟಿಯಾಗಿ ಸಿಪ್ಪೆಯಂತೆ ಎದ್ದು ಬಂತು. ಒಣಗಿದ ಅಂಟು. ತೆಳ್ಳಗೆ, ಅಚ್ಚುಕಟ್ಟಾಗಿ, ಸುತ್ತಲೂ ಹಚ್ಚಿದ ಅಂಟು. ವಾರ್ಡಿಗೆ ಬರುವುದಕ್ಕೆ ಎಷ್ಟೋ ಮೊದಲೇ ಯಾರೋ ಈ ಕ್ಯಾನನ್ನು ತೆರೆದು, ಏನನ್ನೋ ತುಂಬಿ, ಮತ್ತೆ ಮುಚ್ಚಿದ್ದರು.

ನಿನ್ನೆ ಮಧ್ಯಾಹ್ನದಿಂದ ಈ ವಾರ್ಡಿನ ಎರಡೂ ಸಾಲಿನವರು ಇದೇ ಸೋಪಿನಲ್ಲಿ ಕೈ ತೊಳೆದಿದ್ದರು. ಬಾಟಲಿ ತುಂಬಿದವಳು ಅವಳೇ.

"ಯಾರೂ ಸೋಪು ಮುಟ್ಟಬೇಡಿ" ಎಂದಳು ಸೋಪಕ್ಕ. ಇಪ್ಪತ್ತು ವರ್ಷದಲ್ಲಿ ಅವಳ ಬಾಯಿಂದ ಬರದ ಮಾತು ಅದು. ಶಿಷ್ಯೆ ಬೆಪ್ಪಾಗಿ ನಿಂತಳು. ಎದುರು ಸಾಲಿನಿಂದ ಜೇಬುಗೈ ಡಾಕ್ಟರು ಬಂದು ಜೇಬಿನಿಂದ ಸ್ಪಿರಿಟ್ ಬಾಟಲಿ ತೆಗೆದು ಹುಡುಗಿಯ ಕೈಗಿತ್ತರು.

"ಏ, ಬಾರೇ ಇಲ್ಲಿ" ಎಂದು ಅತ್ತೆ ಕರೆದರು. ಹೊದಿಕೆಯನ್ನು ಗಲ್ಲದವರೆಗೆ ಎಳೆದುಕೊಂಡಿದ್ದರು. ಹಲ್ಲು ಒಂದಕ್ಕೊಂದು ತಾಗಿ ಕಟಕಟ ಸದ್ದು ಬರುತ್ತಿತ್ತು. "ಕೂಗಾಡ್ತಾ ನಿಂತಿದೀಯಲ್ಲ, ಮೊದಲು ಆ ಫ್ಯಾನ್ ಆರಿಸು. ಚಳಿ ತಡೆಯೋಕಾಗ್ತಿಲ್ಲ."

ಸೋಪಕ್ಕ ತಲೆಯೆತ್ತಿ ನೋಡಿದಳು. ಫ್ಯಾನು ತಿರುಗುತ್ತಿರಲಿಲ್ಲ.